ಪುರಾತನ ಅರಣ್ಯವೂ ಮಾನವನ ಭೂಬಳಕೆಯೂ: ಕೃಷ್ಣಾತೀರದಿಂದ ಒಂದು ಅಧ್ಯಯನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳು ಹೊಲಗಳ ನಾಡೆಂದು ಹೆಸರಾದವು. ನಿಪ್ಪಾಣಿಯ ಹೊಗೆಸೊಪ್ಪು, ಕೃಷ್ಣಾತೀರದ ಕಬ್ಬು, ಎರಿ ಭೂಮಿಯ ಬಿಳಿಜೋಳ, ಮಡ್ಡಿಯ ಸಜ್ಜೆ, ಇವು ಈ ಭಾಗದ ಗುರುತುಗಳು. ಇಲ್ಲಿಯ ವಿದ್ಯಾರ್ಥಿಗೆ ಅರಣ್ಯವೆಂಬುದು ಪಠ್ಯಪುಸ್ತಕದ ಪಾಠವೇ ಹೊರತು ಮನೆಯ ಅಂಗಳದಿಂದ ಕಾಣುವ ವಸ್ತುವಲ್ಲ. ಬೆಳಗಾವಿ ಜಿಲ್ಲೆಯ ದಟ್ಟಡವಿಯೆಲ್ಲ ನೈಋತ್ಯದ ಖಾನಾಪುರದ ಕಡೆಗೆ ಸರಿದುಕೊಂಡಿದೆ. ಉತ್ತರದ ಈ ತಾಲೂಕುಗಳ ಪಾಲಿಗೆ ಬಂದಿರುವುದು ಕುರುಚಲು ಗುಡ್ಡ ಮತ್ತು ಗಾಯರಾಣಗಳು ಮಾತ್ರ.

ಹಾಗಾದರೆ ಪುರಾತನ ಅರಣ್ಯದ ವಿಚಾರ ಈ ಬಯಲಿಗೇಕೆ ಬೇಕು? ಇದರ ಉತ್ತರ ನದಿಯಲ್ಲಿದೆ. ಕೃಷ್ಣೆ ಮಹಾಬಳೇಶ್ವರದ ಬಳಿ ಹುಟ್ಟುತ್ತಾಳೆ. ದೂಧಗಂಗೆ ರಾಧಾನಗರಿಯ ಬೆಟ್ಟಗಳಿಂದಲೂ ವೇದಗಂಗೆ ಅದರ ದಕ್ಷಿಣದ ಸಹ್ಯಾದ್ರಿಯಿಂದಲೂ ಇಳಿದು, ನಿಪ್ಪಾಣಿ ತಾಲೂಕಿನ ಭೋಜದ ಬಳಿ ಒಂದಾಗಿ, ಮುಂದೆ ಯಡೂರು-ಕಲ್ಲೋಳದ ಆಸುಪಾಸಿನಲ್ಲಿ ಕೃಷ್ಣೆಯನ್ನು ಸೇರುತ್ತವೆ. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಯೊಡನೆ ಬೆರೆಯುತ್ತದೆ. ಆ ನೀರೇ ಎಡದಂಡೆ ಕಾಲುವೆಯ ಮೂಲಕ ರಾಯಬಾಗದ ಹೊಲಗಳಿಗೂ ಬರುತ್ತದೆ. ಅಥಣಿ, ರಾಯಬಾಗಗಳಲ್ಲಿ ವರ್ಷಕ್ಕೆ ಸುಮಾರು 500-600 ಮಿ.ಮೀ. ಮಳೆಯಾದರೆ, ಅಂಬೋಲಿಯಲ್ಲಿ 7,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಇವೆರಡರ ನಡುವಿನ ಅಂತರ ನೂರೈವತ್ತು ಕಿಲೋಮೀಟರಿಗಿಂತ ಕಡಿಮೆ. ಒಂದು ಕಡೆ ಬಿದ್ದ ಮಳೆಯನ್ನು ಇನ್ನೊಂದು ಕಡೆ ಉಣ್ಣುವ ಬಯಲು, ಆ ಮಳೆಯನ್ನು ಮೊದಲು ಬರಮಾಡಿಕೊಳ್ಳುವ ಕಾಡನ್ನು ತಿಳಿದುಕೊಳ್ಳುವುದು ಉಚಿತವಷ್ಟೇ ಅಲ್ಲ, ಅವಶ್ಯವೂ ಹೌದು.

1. ಪುರಾತನ ಅರಣ್ಯದ ಲಕ್ಷಣ

ಮರಗಳೆಲ್ಲ ದೊಡ್ಡವಾಗಿದ್ದ ಮಾತ್ರಕ್ಕೆ ಕಾಡು ಪುರಾತನವಾಗುವುದಿಲ್ಲ. ಒಂದೇ ವರ್ಷ ನೆಟ್ಟ ಸಾಗುವಾನಿಯ ತೋಪು ನೂರು ವರ್ಷ ಬಾಳಿದರೂ ಅದು ವಯಸ್ಸಾದ ತೋಪೇ. ಪುರಾತನ ಅರಣ್ಯದ ನಿಜವಾದ ಗುರುತು ಅದರ ವಯೋವೈವಿಧ್ಯ. ಅಲ್ಲಿ ನಿನ್ನೆ ಮೊಳೆತ ಸಸಿ, ನೆರಳಿನಲ್ಲಿ ದಶಕಗಟ್ಟಲೆ ಕಾಯುತ್ತಿರುವ ಎಳೆಮರ, ಮೇಲ್ಛಾವಣಿ ಮುಟ್ಟಿದ ಹೆಮ್ಮರ, ನಿಂತಲ್ಲೇ ಸತ್ತ ಮರ, ನೆಲಕ್ಕೊರಗಿ ಕೊಳೆಯುತ್ತಿರುವ ದಿಮ್ಮಿ ಎಲ್ಲವೂ ಒಂದೇ ಎಕರೆಯಲ್ಲಿ ಕೂಡಿರುತ್ತವೆ. ಒಂದು ಹೆಮ್ಮರ ಉರುಳಿದರೆ ಛಾವಣಿಯಲ್ಲಿ ಕಿಂಡಿ ಬೀಳುತ್ತದೆ. ಆ ಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಕಾದು ಕುಳಿತ ಎಳೆಮರಗಳು ಮೇಲೇಳುತ್ತವೆ. ಹೀಗೆ ಕಾಡು ತನ್ನನ್ನು ತಾನೇ ತುಂಡುತುಂಡಾಗಿ ಹೊಸದಾಗಿಸಿಕೊಳ್ಳುತ್ತ ಒಟ್ಟಿನಲ್ಲಿ ಹಳೆಯದಾಗಿಯೇ ಉಳಿಯುತ್ತದೆ.

ಸತ್ತ ಮರವೆಂದರೆ ಉರುವಲು ಎಂದೇ ಬಯಲಿನವರ ಭಾವನೆ. ಕಾಡಿನ ಲೆಕ್ಕ ಬೇರೆ. ಮುದಿಮರದ ಪೊಟರೆಯಿಲ್ಲದೆ ಮಂಗಟ್ಟೆ ಹಕ್ಕಿಗೆ ಗೂಡಿಲ್ಲ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮೆತ್ತಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ. ಹೀಗೆ ಹಣ್ಣು ನುಂಗುವ ಹಕ್ಕಿಯೇ ಕಾಡುಜಾಯಿಕಾಯಿಯಂಥ ದಪ್ಪ ಬೀಜಗಳನ್ನು ದೂರಕ್ಕೆ ಒಯ್ದು ಬಿತ್ತುತ್ತದೆ. ಪೊಟರೆ ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಮುಂದಿನ ಮರವೂ ಹೋಗುತ್ತದೆ. ಇಂಥ ಮರಗಳ ಬೀಜವನ್ನು ಜೋಳದಂತೆ ಹಗೇವಿನಲ್ಲಿಟ್ಟು ಕಾಯುವಂತೆಯೂ ಇಲ್ಲ. ಒಣಗಿದರೆ ಅವು ಸಾಯುತ್ತವೆ. ಬಿದ್ದ ಕೆಲದಿನಗಳಲ್ಲಿಯೇ ತಂಪು ನೆರಳಿನಲ್ಲಿ ಮೊಳೆಯಬೇಕು. ಆದುದರಿಂದ ಪುರಾತನ ಅರಣ್ಯವನ್ನು ಕಡಿದ ಮೇಲೆ ಬಯಲಿನಲ್ಲಿ ಸಸಿ ನೆಟ್ಟು ಮರಳಿ ಪಡೆಯುವುದು ಎಣಿಸಿದಷ್ಟು ಸುಲಭವಲ್ಲ.

ಪುರಾತನ ಅರಣ್ಯವು ಗಗನಚುಂಬಿಯಾಗಿಯೇ ಇರಬೇಕೆಂದಿಲ್ಲ. ಮಹಾಬಳೇಶ್ವರ ಮತ್ತು ಅದರ ಸುತ್ತಣ ಸಹ್ಯಾದ್ರಿಯ ನೆತ್ತಿಯಲ್ಲಿ ಅಂಜನಿ, ನೇರಳೆ, ಪಿಸಾ ಜಾತಿಯ ಮರಗಳ ನಿತ್ಯಹಸುರಿನ ಕಾಡಿದೆ. ಬಿರುಗಾಳಿ, ತೆಳುವಾದ ಮಣ್ಣು, ಮಳೆಯಿಲ್ಲದ ದೀರ್ಘ ತಿಂಗಳುಗಳು, ಇವುಗಳ ನಡುವೆ ಬೆಳೆದ ಆ ಮರಗಳು ಗಿಡ್ಡವಾಗಿ, ಗಂಟುಗಂಟಾಗಿ ನಿಂತಿವೆ. ಅಪರಿಚಿತನಿಗೆ ಅದು ಕುರುಚಲು ಕಾಡಾಗಿ ಕಂಡೀತು. ಆದರೆ ದಪ್ಪನೆಯ ಕಾಂಡವಿಲ್ಲದೆಯೂ ಅದು ಬಹುಹಳೆಯ ಕಾಡಾಗಿರಬಲ್ಲದು. ಎತ್ತರವನ್ನು ನೋಡಿ ಕಾಡಿನ ಬೆಲೆ ಕಟ್ಟುವವನು ಇಲ್ಲಿ ಮೋಸ ಹೋಗುತ್ತಾನೆ.

2. ಮಣ್ಣು ಮತ್ತು ನೀರಿನ ಕೆಲಸ

ಮಳೆಹನಿಗೂ ಮಣ್ಣಿಗೂ ನಡೆಯುವ ವ್ಯವಹಾರವೇ ನದಿಯ ಆರಂಭ. ಹಳೆಯ ಕಾಡಿನಲ್ಲಿ ಹನಿ ನೇರವಾಗಿ ನೆಲಕ್ಕೆ ಬಡಿಯುವುದಿಲ್ಲ. ಎಲೆಯಿಂದ ಎಲೆಗೆ ಇಳಿದು, ತರಗೆಲೆಯ ಹಾಸಿಗೆಯ ಮೇಲೆ ಬಿದ್ದು, ಎರೆಹುಳು, ಗೆದ್ದಲು ಮತ್ತು ಸತ್ತ ಬೇರುಗಳು ಕೊರೆದ ಸಾವಿರಾರು ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ಈ ರಂಧ್ರಜಾಲ ಒಂದು ದಿನದ ನಿರ್ಮಾಣವಲ್ಲ. ತಲೆತಲಾಂತರದ ಬೇರುಗಳ ಕೆಲಸ. ದನಕರುಗಳ ತುಳಿತ, ಬೆಂಕಿ, ತರಗೆಲೆ ಗುಡಿಸುವಿಕೆ ಹೆಚ್ಚಾದಲ್ಲಿ ಮೇಲ್ಮಣ್ಣು ಬಿಗಿಯಾಗಿ, ನೀರು ಒಳಗಿಳಿಯದೆ ಹೊರಗೋಡುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಸಣ್ಣ ಜಲಾನಯನಗಳಲ್ಲಿ ವಿಜ್ಞಾನಿಗಳು ನಡೆಸಿದ ಅಳತೆಗಳು ಇದನ್ನು ಸ್ಪಷ್ಟಪಡಿಸಿವೆ. ಕಡಿಮೆ ಕೈಹತ್ತಿದ ಕಾಡಿನ ಮಣ್ಣು ನೀರನ್ನು ವೇಗವಾಗಿ ಹೀರಿಕೊಂಡು, ಮಳೆಗಾಲ ಕಳೆದ ಮೇಲೂ ಹಳ್ಳವನ್ನು ಹೆಚ್ಚು ದಿನ ಹರಿಯಿಸುತ್ತದೆ. ಬರಡಾದ ಭೂಮಿಯಲ್ಲಿ ನೆಟ್ಟ ಅಕೇಶಿಯಾ ತೋಪು ಹಸುರಾಗಿ ಕಂಡರೂ ಅದರ ಮಣ್ಣು ಹಳೆಯ ಕಾಡಿನ ಮಣ್ಣಿನ ಶಕ್ತಿಯನ್ನು ಬೇಗನೆ ಪಡೆಯಲಾರದು. ಮೇಲಾಗಿ ವೇಗವಾಗಿ ಬೆಳೆಯುವ ಮರ ತಾನೇ ಬಹಳಷ್ಟು ನೀರನ್ನು ಕುಡಿಯುತ್ತದೆ. ಹಸುರೆಲ್ಲ ಒಂದೇ ಅಲ್ಲವೆಂಬ ಪಾಠವನ್ನು ಇದರಿಂದ ಕಲಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಾಡಿದ್ದರೆ ಮಹಾಪೂರವೇ ಬರುವುದಿಲ್ಲವೆಂದು ಹೇಳುವುದು ಅತಿಶಯೋಕ್ತಿಯಾದೀತು. 2005, 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿ ಹಳ್ಳಿಗಳನ್ನು ನುಗ್ಗಿದವು. ದಿನಗಟ್ಟಲೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ಅತಿ ಒಳ್ಳೆಯ ಕಾಡಿನ ಮಣ್ಣೂ ತುಂಬಿ ತುಳುಕುತ್ತದೆ. ಅಣೆಕಟ್ಟುಗಳ ನಿರ್ವಹಣೆ, ನದಿಪಾತ್ರದ ಒತ್ತುವರಿ ಮುಂತಾದ ಕಾರಣಗಳೂ ಅದರೊಡನೆ ಸೇರುತ್ತವೆ. ಆದರೆ ಸಾಮಾನ್ಯ ಮಳೆಯ ರಭಸವನ್ನು ತಗ್ಗಿಸುವುದು, ಹೂಳನ್ನು ತಡೆಯುವುದು, ಬೇಸಿಗೆಗೆ ಒರತೆಯನ್ನು ಉಳಿಸುವುದು, ಈ ಮೂರು ಕೆಲಸಗಳನ್ನು ಹಳೆಯ ಕಾಡು ನಿಶ್ಚಯವಾಗಿ ಮಾಡುತ್ತದೆ. 2019ರ ಬೇಸಿಗೆಯಲ್ಲಿ ಕೃಷ್ಣೆ ಒಣಗಿ, ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಿಕೊಳ್ಳಲು ಕರ್ನಾಟಕ ಕೇಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಹರಿಯಿತು. ಒಂದೇ ವರ್ಷದಲ್ಲಿ ಎರಡು ಸಂಕಟಗಳನ್ನು ಕಂಡ ಜನರಿಗೆ ಒರತೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

3. ಮನುಷ್ಯನ ಕೈ ಸೋಕದ ಕಾಡು ಇತ್ತೆ?

ಪುರಾತನ ಅರಣ್ಯವೆಂದೊಡನೆ ಮನುಷ್ಯನ ಹೆಜ್ಜೆ ಬೀಳದ ಕಾಡೆಂದು ಕಲ್ಪಿಸುವುದು ರೂಢಿ. ಇತಿಹಾಸ ಈ ಕಲ್ಪನೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕಾರವಾರದ ಕರಾವಳಿಯಾಚೆ ಸಮುದ್ರದ ತಳದಿಂದ ತೆಗೆದ ಕೆಸರಿನ ಪದರಗಳಲ್ಲಿ ಸಾವಿರಾರು ವರ್ಷಗಳ ಪರಾಗಕಣಗಳು ಹೂತಿವೆ. ಅವುಗಳನ್ನು ಪರೀಕ್ಷಿಸಿದಾಗ, ಸುಮಾರು 3,500 ವರ್ಷಗಳ ಹಿಂದಿನಿಂದ ಕಾಡುಮರಗಳ ಪರಾಗ ಇಳಿಮುಖವಾಗಿ ಹುಲ್ಲಿನ ಪರಾಗ ಏರಿದುದು ಕಂಡುಬಂದಿದೆ. ಹವಾಮಾನ ಒಣಗಿದುದು ಇದಕ್ಕೆ ಒಂದು ಕಾರಣ. ಬೆಂಕಿಯಿಂದ ಕಾಡನ್ನು ತೆರವುಮಾಡಿ ಬಿತ್ತುವ ಮನುಷ್ಯನೂ ಇದರಲ್ಲಿ ಪಾಲುಗಾರನಾಗಿರಬಹುದೆಂದು ವಿದ್ವಾಂಸರು ತರ್ಕಿಸಿದ್ದಾರೆ.

ಘಟ್ಟದ ಕುಮರಿ ಬೇಸಾಯವೂ ಹೀಗೆಯೇ. ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಮುಂತಾದುವನ್ನು ಬಿತ್ತಿ, ಒಂದೆರಡು ವರ್ಷಗಳ ತರುವಾಯ ಹತ್ತಾರು ವರ್ಷ ಬಿಟ್ಟುಬಿಡುವ ಪದ್ಧತಿಯದು. ಬಿಡುವು ದೀರ್ಘವಾಗಿದ್ದಾಗ ಕಾಡು ಮರಳಿತು. ಜನ ಹೆಚ್ಚಿ, ಭೂಮಿ ಕಡಿಮೆಯಾಗಿ, ಬಿಡುವು ಕುಗ್ಗಿದಾಗ ಮರಳಲಿಲ್ಲ. ಅಂತೆಯೇ ಹಳೆಯ ಕಾಡೆಂದು ಇಂದು ಮೆಚ್ಚಿಕೊಳ್ಳುವ ಅನೇಕ ತಾಣಗಳಲ್ಲಿ ಮನುಷ್ಯನ ಬಳಕೆಯ ಗುರುತುಗಳಿವೆ. ವಿಚಾರ ಮಾಡಬೇಕಾದುದು ಮನುಷ್ಯನಿದ್ದನೋ ಇಲ್ಲವೋ ಎಂಬುದನ್ನಲ್ಲ. ಅವನು ಎಷ್ಟು ತೆಗೆದುಕೊಂಡ, ಎಷ್ಟು ದಿನ ಬಿಟ್ಟ, ಯಾವ ಕಟ್ಟಳೆಗೆ ಒಳಗಾಗಿದ್ದ ಎಂಬುದನ್ನು.

4. ಕಟ್ಟಳೆಯಿಂದ ಉಳಿದ ಕಾಡುಗಳು

ಕರ್ನಾಟಕದಲ್ಲಿ ಇದಕ್ಕೆ ಉತ್ತಮ ನಿದರ್ಶನ ಮಲೆನಾಡಿನ ಕಾನುಗಳು. ಸೊರಬ, ಸಿದ್ದಾಪುರ, ಶಿರಸಿಗಳ ಸುತ್ತ ಎಲೆಯುದುರುವ ಕಾಡು ಮತ್ತು ಗದ್ದೆಗಳ ನಡುವೆ ದ್ವೀಪಗಳಂತೆ ನಿತ್ಯಹಸುರಿನ ತುಣುಕುಗಳಿವೆ. ಅವುಗಳಿಗೆ ಕಾನೆಂದು ಹೆಸರು. ಜನರು ಅಲ್ಲಿಂದ ಕಾಳುಮೆಣಸು, ಬೈನೆಯ ನೀರಾ, ಜೇನು, ಕಾಡುಹಣ್ಣುಗಳನ್ನು ಪಡೆಯುತ್ತಿದ್ದರು; ಆದರೆ ಕೊಡಲಿ ಹಾಕುತ್ತಿರಲಿಲ್ಲ. ಹಲವು ಕಾನುಗಳಲ್ಲಿ ಗ್ರಾಮದೇವತೆಯ ನೆಲೆಯಿತ್ತು. ಕಾನಿನ ಬುಡದಿಂದ ಹೊರಟ ಝರಿ ಕೆಳಗಿನ ಕೆರೆ, ಗದ್ದೆಗಳಿಗೆ ಆಧಾರವಾಗಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕೊಂದರಲ್ಲಿಯೇ 171 ಕಾನುಗಳನ್ನು, ಒಟ್ಟು ಸುಮಾರು 13,000 ಹೆಕ್ಟೇರು ವಿಸ್ತಾರವನ್ನು, ತಮ್ಮ ವರದಿಯಲ್ಲಿ ದಾಖಲಿಸಿದರು.

ಇದಕ್ಕೂ ಮೊದಲು, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಉತ್ತರ ಕನ್ನಡದ ಮಾರ್ಗವಾಗಿ ಸಂಚರಿಸಿದನು. ಅಲ್ಲಿಯ ಕಾಡುಗಳು ಗ್ರಾಮದೇವತೆಗಳ ಸ್ವತ್ತೆಂದೂ, ಗ್ರಾಮದ ಗೌಡನೇ ಪೂಜಾರಿಯಾಗಿದ್ದು, ಅವನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಅವನು ಕೇಳಿ ತಿಳಿದನು. ಅಪ್ಪಣೆಗೆ ಹಣವಿರಲಿಲ್ಲ, ಅಪ್ಪಣೆ ಕೇಳದಿದ್ದವನಿಗೆ ದೇವರ ಮುನಿಸಿನ ಭಯವಿತ್ತು. ಸರ್ಕಾರ ಕಾಡಿನ ಮೇಲೆ ಹಕ್ಕು ಹೂಡದಿರಲೆಂದು ಜನ ಹೂಡಿದ ಉಪಾಯವಿದೆಂದು ಬುಕಾನನ್ ಅರ್ಥಮಾಡಿಕೊಂಡನು. ಕೇಳಿ ಕಡಿಯಬೇಕೆಂಬ ಕಟ್ಟಳೆಯೊಂದು ಊರಿನೊಳಗೇ ಇದ್ದಿತೆಂಬುದಕ್ಕೆ ಅವನ ಬರಹವೇ ಸಾಕ್ಷಿಯೆಂಬುದನ್ನು ಅವನು ಗಮನಿಸಲಿಲ್ಲ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇಪ್ಪತ್ತನೆಯ ಶತಮಾನದ ಅವಧಿಯಲ್ಲಿ ಅವುಗಳ ಒಟ್ಟು ವಿಸ್ತೀರ್ಣ ಅರ್ಧಕ್ಕಿಂತ ಕೆಳಗಿಳಿಯಿತು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿ ಮರಗಳ ಜೌಗು ಕಾಡಿದೆ. ಉಸಿರಾಟಕ್ಕೆಂದು ನೀರಿನಿಂದ ಮೇಲೆದ್ದ ಮೊಣಕಾಲಿನಂಥ ಬೇರುಗಳು ಅಲ್ಲಿಯ ವೈಶಿಷ್ಟ್ಯ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರದ ಜಾತಿಯು 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾಗಿ, ಆ ಕಾನಿನ ಹೆಸರನ್ನೇ ತನ್ನ ಶಾಸ್ತ್ರೀಯ ನಾಮದಲ್ಲಿ ಹೊತ್ತಿದೆ.

ಈ ಬಯಲಿಗೆ ಇನ್ನೂ ಹತ್ತಿರದ ನಿದರ್ಶನಗಳು ಗಡಿಯಾಚೆ ಕೊಲ್ಹಾಪುರದ ಸೀಮೆಯಲ್ಲಿವೆ. ರಾಯಬಾಗ 1949ರ ವಿಲೀನದವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿಯೂ 1827ರವರೆಗೆ ಅದೇ ಸಂಸ್ಥಾನದ ಅಧೀನದಲ್ಲಿತ್ತು. ಆ ಸಂಸ್ಥಾನದ ಅರಸರ ಬೇಟೆಯ ಕಾಡಾಗಿದ್ದ ದಾಜೀಪುರವು 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಗಿ, ಮುಂದೆ ರಾಧಾನಗರಿ ವನ್ಯಧಾಮವೆಂದು ವಿಸ್ತಾರಗೊಂಡಿತು. ಅರಸನ ಬೇಟೆಯ ಹಕ್ಕೇ ಮುಂದೆ ಕಾಡಿನ ರಕ್ಷಣೆಗೆ ತಳಹದಿಯಾದುದು ಇತಿಹಾಸದ ಒಂದು ವಿಚಿತ್ರ. ಯುರೋಪಿನಲ್ಲಿ ಪೋಲೆಂಡ್ ಮತ್ತು ಬೆಲಾರುಸ್ ಗಡಿಯ ಬಿಯಾಲೊವಿಯೆಝಾ ಕಾಡು ಉಳಿದುದೂ ಹೀಗೆಯೇ, ರಾಜರ ಬೇಟೆಯ ಮೀಸಲಾಗಿದ್ದುದರಿಂದ. ಅಂಬೋಲಿಯಲ್ಲಿ ಹಿರಣ್ಯಕೇಶಿಯ ಉಗಮದಲ್ಲಿರುವ ದೇವಾಲಯದ ನೀರಿನಲ್ಲಿ ಬಾಳುವ ಒಂದು ಪುಟ್ಟ ಮೀನು 2020ರಲ್ಲಿ ಹೊಸ ಜಾತಿಯೆಂದು ವರ್ಣಿಸಲ್ಪಟ್ಟಿತು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಆ ಎರಡು ಹೆಕ್ಟೇರಿನಷ್ಟು ಚಿಕ್ಕ ತಾಣವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಸಂಕೇಶ್ವರದ ಸೇತುವೆಯ ಕೆಳಗೆ ಹರಿಯುವ ನೀರು ಹೊರಡುವುದು ಅಲ್ಲಿಂದ.

5. ಕಾನೂನು ಮತ್ತು ಕೊಡಲಿ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡಿನ ಒಡೆತನದ ಸ್ವರೂಪವೇ ಬದಲಾಯಿತು. ಹಡಗುಗಳಿಗೆ ಸಾಗುವಾನಿ, ರೈಲುಹಳಿಗಳಿಗೆ ದಿಮ್ಮಿ, ಪಟ್ಟಣಗಳಿಗೆ ಇದ್ದಿಲು, ಇವುಗಳ ಬೇಡಿಕೆ ಏರಿತು. ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಅಲೆಗ್ಝಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡನು. 1864ರಲ್ಲಿ ಬ್ರಾಂಡಿಸ್ ಇಡೀ ಹಿಂದುಸ್ತಾನದ ಅರಣ್ಯ ಇಲಾಖೆಯ ಮುಖ್ಯಸ್ಥನಾದನು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದವು. ಈ ವ್ಯವಸ್ಥೆ ಎರಡು ಫಲಗಳನ್ನು ಕೊಟ್ಟಿತು. ಬೇಕಾಬಿಟ್ಟಿ ಕಡಿತಕ್ಕೆ ಒಂದು ಲಗಾಮು ಬಿದ್ದುದು ಒಳ್ಳೆಯ ಫಲ. ಆದರೆ ಕಾಡನ್ನು ತಲೆಮಾರುಗಳಿಂದ ಬಳಸಿಕೊಂಡು ಕಾಯ್ದವನು ತನ್ನದೇ ಕಾನಿನಲ್ಲಿ ಅಪರಾಧಿಯಾದನು. ಊರ ಕಟ್ಟಳೆ ಸಡಿಲವಾಯಿತು. ಸರ್ಕಾರದ ಕಟ್ಟಳೆ ಎಲ್ಲ ಕಾನುಗಳ ಬಾಗಿಲಿಗೂ ಮುಟ್ಟಲಿಲ್ಲ. ಅಡಕೆ ತೋಟಿಗರಿಗೆ ಮಾತ್ರ ಸೊಪ್ಪಿನ ಬೆಟ್ಟದ ಸವಲತ್ತು ಉಳಿಯಿತು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಗೊತ್ತುಪಡಿಸಿದ್ದರು. ಒಂದು ಎಕರೆಯ ತೋಟ ಹಸುರಾಗಿರಲು ಎಷ್ಟು ಕಾಡಿನ ಎಲೆ ಬೇಕೆಂಬುದಕ್ಕೆ ಈ ಲೆಕ್ಕವೇ ಅಳತೆಗೋಲು.

ಸ್ವಾತಂತ್ರ್ಯಾನಂತರವೂ ಪ್ಲೈವುಡ್, ಕಾಗದ, ಬೆಂಕಿಕಡ್ಡಿಗಳ ಕಾರ್ಖಾನೆಗಳಿಗಾಗಿ ಹಳೆಯ ಕಾಡುಗಳಲ್ಲಿ ಕಡಿತ ಮುಂದುವರಿಯಿತು. 1983ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿಯೆಂದು ಅದು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಕಾಡಿನ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವುದಕ್ಕೆ ಕೇಂದ್ರದ ಅನುಮತಿಯನ್ನು ಕಡ್ಡಾಯಗೊಳಿಸಿತ್ತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಕಾಡನ್ನು ಆಶ್ರಯಿಸಿದ ಸಮುದಾಯಗಳ ಹಕ್ಕನ್ನು ಗುರುತಿಸಿತು. 2010ರಲ್ಲಿ ಕೊಯ್ನಾ ಮತ್ತು ಚಾಂದೋಲಿಗಳನ್ನು ಕೂಡಿಸಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶವಾಯಿತು. 2011ರಲ್ಲಿ ಬೆಳಗಾವಿ ಜಿಲ್ಲೆಯದೇ ಆದ ಭೀಮಗಡ ವನ್ಯಧಾಮ ಘೋಷಿತವಾಯಿತು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೊಯ್ನಾ, ಚಾಂದೋಲಿ, ರಾಧಾನಗರಿ ಮೂರೂ ಅದರಲ್ಲಿವೆ. ಈ ಐದು ತಾಲೂಕುಗಳ ನದಿಗಳಿಗೆ ನೀರು ಕೂಡಿಬರುವ ಕಾಡುಗಳು ಹೀಗೆ ಜಗತ್ತಿನ ಸ್ವತ್ತೆನಿಸಿದವು.

6. ಬಯಲಿನ ಹಳೆಯ ನೆಲ

ಬಯಲಿನಲ್ಲಿಯೂ ಹಿಂದೆ ಘಟ್ಟದಂಥ ದಟ್ಟ ಕಾಡಿತ್ತೆಂದೂ, ಜನರು ಅದನ್ನು ಕಡಿದುದರಿಂದಲೇ ಈ ಬಯಲಾಯಿತೆಂದೂ ಅನೇಕರು ನಂಬುತ್ತಾರೆ. ಇದು ಅರೆಸತ್ಯ. ಹೊಳೆಯ ದಂಡೆ, ಹಳ್ಳದ ಮಗ್ಗುಲುಗಳಲ್ಲಿ ಮರಗಳು ಹೆಚ್ಚಾಗಿದ್ದಿರಬೇಕು. ಉಳುಮೆಗೆ ಎರಿ ಭೂಮಿಯ ಮರಗಿಡಗಳು ಬಲಿಯಾದುದೂ ನಿಜ. ಆದರೆ ಕಡಿಮೆ ಮಳೆಯ, ಬಸಾಲ್ಟ್ ಕಲ್ಲಿನ ಮೇಲಣ ತೆಳುಮಣ್ಣಿನ ಮಡ್ಡಿಗಳಲ್ಲಿ ಹುಲ್ಲು ಮತ್ತು ಚದುರಿದ ಮುಳ್ಳುಗಿಡಗಳೇ ಸಹಜ ಸಸ್ಯವರ್ಗ. ದಖ್ಖನಿನ ಹುಲ್ಲುಗಾವಲು ಕೆಟ್ಟ ಕಾಡಲ್ಲ. ತನ್ನದೇ ಇತಿಹಾಸವುಳ್ಳ ಹಳೆಯ ಜೀವಸಮುದಾಯ. ತೋಳ, ನರಿ, ಕೌಜುಗ, ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳು ಅದನ್ನು ಆಶ್ರಯಿಸಿವೆ. ಕುರುಬರ ಕುರಿಹಿಂಡುಗಳು ಕಾಲಕ್ಕೆ ಬಂದು ಮೇಯ್ದು ಮುಂದೆ ಸಾಗುವ ಪದ್ಧತಿಯೂ ಆ ಸಮುದಾಯದ ಅಂಗವೇ.

ಈ ತಿಳಿವಳಿಕೆಯಿಲ್ಲದೆ ಮಾಡಿದ ಕೆಲಸಕ್ಕೆ ರಾಣೆಬೆನ್ನೂರು ಸಾಕ್ಷಿ. ಕೃಷ್ಣಮೃಗ ಮತ್ತು ಎರ್ಲಡ್ಡು ಹಕ್ಕಿಗಳ ನೆಲೆಯಾಗಿದ್ದ ಅಲ್ಲಿಯ ಕುರುಚಲು ಹುಲ್ಲುಗಾವಲಿನಲ್ಲಿ ನೀಲಗಿರಿ ನೆಡುತೋಪುಗಳನ್ನು ಬೆಳೆಸಿದರು. 1974ರಲ್ಲಿ ಅದು ವನ್ಯಧಾಮವೂ ಆಯಿತು. ಕೃಷ್ಣಮೃಗ ಉಳಿಯಿತು, ತೆರೆದ ಬಯಲನ್ನೇ ಬಯಸುವ ಎರ್ಲಡ್ಡು ಅಲ್ಲಿಂದ ಕಣ್ಮರೆಯಾಯಿತು. ಮರ ನೆಡುವುದು ಯಾವಾಗಲೂ ಪುಣ್ಯಕಾರ್ಯವೆಂಬ ಭಾವನೆಗೆ ಇಂಥ ಅಪವಾದಗಳಿವೆ.

ಹೊಲದ ಮಣ್ಣಿಗೂ ವಯಸ್ಸಿದೆ. ಬೆಳಗಾವಿಯ ಉತ್ತರದ ಎರಿ ಮಣ್ಣು ಬಸಾಲ್ಟ್ ಶಿಲೆ ಸಹಸ್ರಾರು ವರ್ಷ ಶಿಥಿಲಗೊಂಡು ಆದುದು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಕಾಲದಿಂದ ಕಬ್ಬು ಹಬ್ಬುತ್ತ ಬಂದಿತು. ಏತ ನೀರಾವರಿ ಮತ್ತು ಕಾಲುವೆಗಳಿಂದ ಬಂದ ಸಮೃದ್ಧಿಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದರ ಜೊತೆಯಲ್ಲಿಯೇ ಮಿತಿಮೀರಿ ನೀರು ಹಾಯಿಸಿದ ಕೃಷ್ಣಾತೀರದ ಹೊಲಗಳಲ್ಲಿ ಸವಳು-ಜವಳು ಕಾಣಿಸಿಕೊಂಡಿತು. ಕಾಡಿನಲ್ಲಿ ಬಿಡುವು ಕುಗ್ಗಿದಾಗ ಕುಮರಿ ಕೆಟ್ಟಂತೆ, ಹೊಲದಲ್ಲಿ ಬಿಡುವು ಇಲ್ಲವಾದಾಗ ಎರಿ ಕೆಟ್ಟಿತು. ನಿಯಮ ಎರಡೂ ಕಡೆ ಒಂದೇ.

ನಿಪ್ಪಾಣಿಯ ಹೊಗೆಸೊಪ್ಪಿನ ವ್ಯಾಪಾರವೂ ಕಾಡಿನ ನಂಟಿನಿಂದ ಹೊರತಲ್ಲ. ಇಲ್ಲಿಯದು ಬೀಡಿಯ ತಂಬಾಕು. ಬಿಸಿಲಿನಲ್ಲಿ ಒಣಗಿಸುವುದರಿಂದ ಅದನ್ನು ಹದಮಾಡಲು ಕಟ್ಟಿಗೆಯ ಭಟ್ಟಿ ಬೇಕಿಲ್ಲ. ಆದರೆ ಆ ತಂಬಾಕನ್ನು ಸುತ್ತುವ ತೂಬರೆ ಎಲೆ, ವ್ಯಾಪಾರದ ಮಾತಿನಲ್ಲಿ ತೆಂದು ಎಲೆ, ಮಧ್ಯಭಾರತದ ಎಲೆಯುದುರುವ ಕಾಡುಗಳಿಂದ ಬರುತ್ತದೆ. ಅಲ್ಲಿಯ ವನವಾಸಿಗಳು ಬೇಸಿಗೆಯಲ್ಲಿ ಕಿತ್ತು ಕಟ್ಟಿದ ಎಲೆ ಮತ್ತು ಇಲ್ಲಿಯ ಒಕ್ಕಲಿಗನು ಬೆಳೆದ ಸೊಪ್ಪು ಸೇರಿದಾಗಲೇ ಒಂದು ಬೀಡಿ. ಕಾಡಿಲ್ಲದ ಊರೂ ಕಾಡಿನ ಸಾಲಗಾರನೆಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ದೊರೆಯದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪುರಾತನ ಅರಣ್ಯವು ಮರಗಳ ಮೊತ್ತವಲ್ಲ. ಮಣ್ಣು, ಪೊಟರೆ, ಹಕ್ಕಿ, ಕೊಳೆತ ದಿಮ್ಮಿ ಮತ್ತು ದೀರ್ಘಕಾಲ ಕೂಡಿ ಆದ ವ್ಯವಸ್ಥೆಯದು. ಇವುಗಳಲ್ಲಿ ಕಾಲವೊಂದನ್ನು ಹಣಕೊಟ್ಟು ತರಲಾಗುವುದಿಲ್ಲ. ಎರಡು, ಅದು ಉಳಿದುದು ಮನುಷ್ಯನು ದೂರವಿದ್ದುದರಿಂದ ಮಾತ್ರವಲ್ಲ, ಅನೇಕ ಕಡೆಗಳಲ್ಲಿ ಅವನು ತನ್ನ ಕೈಗೆ ತಾನೇ ಹಾಕಿಕೊಂಡ ಕಟ್ಟಳೆಯಿಂದ. ಮೂರು, ಪ್ರತಿಯೊಂದು ನೆಲಕ್ಕೂ ತನ್ನದೇ ಆದ ಹಳೆತನವಿದೆ. ಘಟ್ಟಕ್ಕೆ ಕಾನು, ಮಡ್ಡಿಗೆ ಹುಲ್ಲು, ಹಳ್ಳದ ದಂಡೆಗೆ ಹೊಂಗೆ-ನೇರಳೆ. ಒಂದರ ಗುಣವನ್ನು ಇನ್ನೊಂದರ ಮೇಲೆ ಹೇರುವುದು ಸಲ್ಲದು.

1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಶಾಲೆಗಳಲ್ಲಿ ಸಸಿ ನೆಡುವ ಸಂಪ್ರದಾಯ ನಡೆದುಬಂದಿದೆ. ಅದು ನಡೆಯಬೇಕಾದುದೇ. ಆದರೆ ನೆಡುವುದಕ್ಕಿಂತ ಮುಂಚಿನ ಕೆಲಸವೊಂದಿದೆ, ಇದ್ದುದನ್ನು ಗುರುತಿಸುವುದು. ಊರಿನ ಅಗಸೆಯ ಮುಂದಿನ ಆಲ, ಬನ್ನಿಕಟ್ಟೆಯ ಬನ್ನಿ, ಹಳ್ಳದ ದಂಡೆಯ ನೇರಳೆ, ದೇವರ ಹೆಸರಿನಲ್ಲಿ ಬಿಟ್ಟ ಗಿಡಗಳ ಗುಂಪು, ಗಾಯರಾಣದ ಹುಲ್ಲು, ಇವುಗಳ ಪಟ್ಟಿಯನ್ನು ಒಂದೊಂದು ಊರಿನ ವಿದ್ಯಾರ್ಥಿಗಳು ಮಾಡಬಲ್ಲರು. ಮರದ ಸುತ್ತಳತೆಯನ್ನು ನೂಲಿನಿಂದ ಅಳೆದು, ಅದರ ಬಗ್ಗೆ ಊರ ಹಿರಿಯರ ನೆನಪನ್ನು ಬರೆದಿಟ್ಟು, ಅದರ ಮೇಲೆ ಬಾಳುವ ಹಕ್ಕಿಗಳನ್ನು ಎಣಿಸಿದರೆ ಅದೇ ಊರಿನ ಸಸ್ಯಚರಿತ್ರೆಯಾಗುತ್ತದೆ. ಗಾಯರಾಣವನ್ನು ಪಾಳುಭೂಮಿಯೆಂದು ದಾಖಲೆಯಲ್ಲಿ ಕಂಡಾಗ, ಅಲ್ಲಿ ಏನೇನು ಬಾಳುತ್ತಿದೆಯೆಂಬುದನ್ನು ನೋಡಿಕೊಂಡು ಗ್ರಾಮಸಭೆಯಲ್ಲಿ ಹೇಳುವ ಜನ ಊರಿಗೆ ಬೇಕು.

ಘಟ್ಟದ ಮೇಲಣ ಕಾಡಿನ ವಿಷಯದಲ್ಲಿಯೂ ಈ ಭಾಗಕ್ಕೆ ಮಾತನಾಡುವ ಅಧಿಕಾರವಿದೆ. ಎರಡು ರಾಜ್ಯಗಳ ನಡುವೆ ನೀರಿನ ಪಾಲಿನ ಚರ್ಚೆ ದಶಕಗಳಿಂದ ನಡೆದಿದೆ. ಜಲಾಶಯದಲ್ಲಿ ಎಷ್ಟು ನೀರಿದೆ, ಯಾವಾಗ ಬಿಡಬೇಕು ಎಂಬ ವಿಷಯ ಪತ್ರಿಕೆಗಳಲ್ಲಿ ಬರುತ್ತದೆ. ಆ ಜಲಾಶಯದ ಹಿಂದಿನ ಕಾಡು ಯಾವ ಸ್ಥಿತಿಯಲ್ಲಿದೆ, ಅದರ ಕೆಂಪು ಕಲ್ಲಿನ ನೆತ್ತಿಯಲ್ಲಿ ಗಣಿ ಅಗೆಯುತ್ತಿದೆಯೆ, ರಸ್ತೆ ಕೊರೆಯುತ್ತಿದೆಯೆ ಎಂಬ ವಿಷಯ ಬರುವುದು ವಿರಳ. ಕಾಲುವೆಯ ಬಾಯಿಯಲ್ಲಿ ನಿಂತು ನೀರಿನ ಲೆಕ್ಕ ಕೇಳುವ ರೈತನು ನದಿಯ ಹುಟ್ಟಿನಲ್ಲಿ ನಿಂತ ಕಾಡಿನ ಲೆಕ್ಕವನ್ನೂ ಕೇಳುವಂತಾಗಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಎಳೆಯರಲ್ಲಿ ಬಿತ್ತುವುದು ಶಾಲೆಯ ಕೆಲಸ. ಈ ಬಿತ್ತನೆಯ ಫಲ ಒಂದು ಹಂಗಾಮಿನಲ್ಲಿ ಕೈಗೆ ಬರುವಂಥದಲ್ಲ. ಹಳೆಯ ಕಾಡಿನ ಮರದಂತೆ, ನೆರಳಿನಲ್ಲಿ ಬಹುಕಾಲ ಕಾಯ್ದು ಏಳುವಂಥದು.